ಕಾರಿನ ಜಿಪಿಎಸ್ ಕೈಕೊಟ್ರೆ ಮೊದ್ಲು ಏನು ನೋಡ್ಬೇಕು, ಯಾವಾಗ ಅಂಗಡಿಗೆ ಹೋಗ್ಬೇಕು

ನಮ್ಮ ಚಿಕ್ಕಬಳ್ಳಾಪುರದ ಕಡೆ ಕಾರು, ಟ್ಯಾಕ್ಸಿ, ಟೊಮ್ಯಾಟೋ ಹೊಡೆಯೋ ಪಿಕಪ್ ಇಟ್ಕೊಂಡಿರೋರು ಜಿಪಿಎಸ್ ಅಂದ್ರೆ ಮೂರು ಬೇರೆ ಬೇರೆ ಸಾಮಾನಿಗೆ ಅದೇ ಹೆಸರು ಹೇಳ್ತಾರೆ. ಗ್ಲಾಸಿಗೆ ರಬ್ಬರ್ ಕಪ್ಪಲ್ಲಿ ಅಂಟಿಸೋ ಯೂನಿಟ್ ಒಂದು, ಡ್ಯಾಶ್‌ಬೋರ್ಡಲ್ಲಿ ಕೂರಿಸಿರೋ ಆಂಡ್ರಾಯ್ಡ್ ಸ್ಟೀರಿಯೋ ಒಂದು, ಒಳಗೆಲ್ಲೋ ಬಚ್ಚಿಟ್ಟಿರೋ ಟ್ರ್ಯಾಕರ್ ಇನ್ನೊಂದು. ಮೂರಕ್ಕೂ ಮೇಲಿಂದ ಬರೋ ಸಿಗ್ನಲ್ ಒಂದೇ, ಆದ್ರೆ ಕೆಡೋ ರೀತಿ ಬೇರೆ. ಅದಕ್ಕೇ ಅಂಗಡಿಗೆ ಹೋಗಿ "ಅಣ್ಣಾ, ಜಿಪಿಎಸ್ ಹೋಗ್ಬಿಟ್ಟಿದೆ" ಅಂತ ಒಂದೇ ಮಾತಲ್ಲಿ ಹೇಳಿದ್ರೆ ಅವ್ರಿಗೂ ಏನೂ ಗೊತ್ತಾಗಲ್ಲ, ಹೊಸದು ಹಾಕ್ಸಿಬಿಡಿ ಸಾರ್ ಅನ್ನೋದೇ ಸುಲಭ ಆಗುತ್ತೆ. ಬಹಳಷ್ಟು ಸಲ ಯೂನಿಟ್ ಚೆನ್ನಾಗೇ ಇರುತ್ತೆ. ಕೆಟ್ಟಿರೋದು ಕರೆಂಟ್ ಬರೋ ದಾರಿ, ಇಲ್ಲ ಆಕಾಶ ಕಾಣದ ಜಾಗದಲ್ಲಿ ಇಟ್ಟಿರೋದು, ಇಲ್ಲ ಒಂದು ಸೆಟ್ಟಿಂಗು. ದುಡ್ಡು ಕೊಡೋ ಮುಂಚೆ ಇವನ್ನ ನೀವೇ ನೋಡ್ಕೋಬಹುದು.

ಕೈ ಹಾಕೋ ಮುಂಚೆ

ಗಾಡಿ ಓಡ್ತಿರುವಾಗ ಇದ್ಯಾವುದೂ ಬೇಡ. ಹೈದರಾಬಾದ್ ಹೈವೇಲಿ ಇದ್ದೀರ ಅಂದ್ರೆ ಸರ್ವೀಸ್ ರೋಡಿಗೆ ಇಳಿಸಿ ಹ್ಯಾಂಡ್‌ಬ್ರೇಕ್ ಹಾಕಿ ಆಮೇಲೆ ನೋಡಿ, ಎರಡು ಸೆಕೆಂಡ್ ಸ್ಕ್ರೀನ್ ನೋಡಿದ್ರೆ 80ರ ಸ್ಪೀಡಲ್ಲಿ ಗಾಡಿ 40 ಮೀಟರ್ ಮೇಲೆ ಮುಂದೆ ಹೋಗಿರುತ್ತೆ. ವೈರಿಗೆ ಕೈ ಹಾಕೋ ಕೆಲ್ಸ ಇದ್ರೆ ಕೀ ತೆಗೆದು, ಬ್ಯಾಟರಿದು ನೆಗೆಟಿವ್ ಟರ್ಮಿನಲ್ ಬಿಚ್ಚಿ. ಸ್ಟೀರಿಂಗ್ ಕೆಳಗೆ, ಸೀಟ್ ಕೆಳಗೆ, ಮುಂದಿನ ಗ್ಲಾಸ್ ಪಕ್ಕದ ಕಂಬದೊಳಗೆ ಹಳದಿ ಕೊಳವೆ ಅಥವಾ ಹಳದಿ ಕನೆಕ್ಟರ್ ಇರೋ ವೈರ್ ಕಂಡ್ರೆ ಅದು ಏರ್‌ಬ್ಯಾಗಿಂದು, ಅದಕ್ಕೆ ಟೆಸ್ಟ್ ಲ್ಯಾಂಪ್ ಕೂಡ ಚುಚ್ಚಬಾರದು. ಸ್ಟೀರಿಯೋ ಹಿಂದೆ ಇರೋ ಒಂಟಿ ಹಳದಿ ವೈರ್ ಬೇರೆ, ಅದರ ವಿಷಯ ಮುಂದೆ ಬರುತ್ತೆ, ಎರಡನ್ನೂ ಕಲಸ್ಕೋಬೇಡಿ.

ಆನೇ ಆಗ್ತಿಲ್ಲ, ಸ್ಕ್ರೀನ್ ಪೂರ್ತಿ ಕಪ್ಪು

ಗ್ಲಾಸಿಗೆ ಅಂಟಿಸೋ ಯೂನಿಟ್ ಆದ್ರೆ ಮೊದ್ಲು ಕಾರಿಂದ ಬಿಚ್ಕೊಂಡು ಮನೆಗೆ ತಗೊಂಡು ಬಂದು ಗೋಡೆ ಚಾರ್ಜರಿಗೆ ಹಾಕಿ ಒಂದೆರಡು ಗಂಟೆ ಬಿಡಿ. ತಿಂಗಳುಗಟ್ಟಲೆ ಡ್ರಾಯರಲ್ಲಿ ಬಿದ್ದಿದ್ರೆ ಬ್ಯಾಟರಿ ಪೂರ್ತಿ ಇಳಿದುಹೋಗಿ ಐದು ನಿಮಿಷಕ್ಕೆಲ್ಲ ಜೀವ ಬರಲ್ಲ. ಆಮೇಲೆ ಪವರ್ ಬಟನ್ನ 10-15 ಸೆಕೆಂಡ್ ಒತ್ತಿ ಹಿಡೀರಿ, ಹ್ಯಾಂಗ್ ಆಗಿದ್ರೆ ಅಷ್ಟಕ್ಕೇ ಎದ್ದೇಳುತ್ತೆ. ಮನೇಲಿ ಆನ್ ಆಯ್ತು ಅಂದ್ರೆ ಯೂನಿಟ್ ಸರಿ ಇದೆ, ತೊಂದರೆ ಇರೋದು ಕಾರಲ್ಲಿ.

ಕಾರಲ್ಲಿ ಮೊದ್ಲು ಲೈಟರ್ ಸಾಕೆಟ್. ಅದಕ್ಕೆ ಬೇರೆ ಯಾವುದಾದ್ರೂ ಫೋನ್ ಚಾರ್ಜರ್ ಹಾಕಿ ನೋಡಿ. ಫೋನ್ ಚಾರ್ಜ್ ಆಗ್ತಿದೆ ಅಂದ್ರೆ ಸಾಕೆಟ್ ಸರಿ, ಜಿಪಿಎಸ್‌ದು ಅಡಾಪ್ಟರೋ ಕೇಬಲ್ಲೋ ಹೋಗಿದೆ. ಫೋನೂ ಆಗ್ತಿಲ್ಲ ಅಂದ್ರೆ ಕೀ ಒಂದು ಹಂತ ಮುಂದೆ ತಿರುಗಿಸಿ ನೋಡಿ, ಎಷ್ಟೋ ಕಾರಲ್ಲಿ ಕೀ ಆನ್ ಮಾಡದೆ ಸಾಕೆಟ್ಟಿಗೆ ಕರೆಂಟೇ ಬರಲ್ಲ. ಆಗ್ಲೂ ಇಲ್ಲ ಅಂದ್ರೆ ಕೀ ತೆಗೆದು ಟಾರ್ಚ್ ಬಿಟ್ಟು ಸಾಕೆಟ್ ಒಳಗೆ ನೋಡಿ. ಚಿಲ್ಲರೆ ಇಡೋ ಜಾಗದ ಪಕ್ಕದಲ್ಲೇ ಸಾಕೆಟ್ ಇರೋ ಗಾಡಿಗಳಲ್ಲಿ ಒಂದು ರೂಪಾಯಿ ನಾಣ್ಯ ಒಳಗೆ ಬಿದ್ದು ನಡುವಿನ ತಾಮ್ರಕ್ಕೂ ಪಕ್ಕದ ಗೋಡೆಗೂ ತಗುಲಿ ಶಾರ್ಟ್ ಆಗಿ ಫ್ಯೂಸ್ ಹೊಡೆದಿರುತ್ತೆ, ಹೇರ್‌ಪಿನ್, ಗಮ್ ಪೇಪರಿನ ಬೆಳ್ಳಿ ಹಾಳೆ ಇವೂ ಇದೇ ಕೆಲ್ಸ ಮಾಡ್ತವೆ. ತೆಗೆಯೋಕೆ ಕಬ್ಬಿಣದ ಚಿಮುಟ ಬೇಡ, ಪ್ಲಾಸ್ಟಿಕ್ಕೋ ಕಡ್ಡಿಯೋ ಬಳಸಿ.

ಅಡಾಪ್ಟರ್ ಮೇಲೆ ಅನುಮಾನ ಇದ್ರೆ ಅದರ ಮೂತಿ ನೋಡಿ. ಹಳೇ ಒರಿಜಿನಲ್ ಅಡಾಪ್ಟರ್‌ಗಳಲ್ಲಿ ಮುಂದಿನ ತುದಿ ತಿರುಪಿದ್ರೆ ಬಿಚ್ಕೊಳ್ಳುತ್ತೆ, ಒಳಗೆ ಒಂದು ಸಣ್ಣ ಗಾಜಿನ ಫ್ಯೂಸ್, ಹಿಂದೆ ಒಂದು ಸ್ಪ್ರಿಂಗ್, ತುದೀಲಿ ಒಂದು ಲೋಹದ ಮೊಳೆ. ಬಿಚ್ಚುವಾಗ ಸ್ಪ್ರಿಂಗ್ ಹಾರಿ ಸೀಟ್ ಕೆಳಗೆ ಹೋಗ್ಬಿಡುತ್ತೆ, ಒಂದು ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ. ಗಾಜಿನೊಳಗಿನ ತಂತಿ ತುಂಡಾಗಿದ್ರೆ ಅಥವಾ ಗಾಜು ಹೊಗೆ ಹಿಡಿದಂಗೆ ಕಪ್ಪಾಗಿದ್ರೆ ಫ್ಯೂಸ್ ಹೋಗಿದೆ, ಅದರ ಲೋಹದ ಟೋಪಿ ಮೇಲೆ ಎಷ್ಟು ಆಂಪಿಯರ್ ಅಂತ ಕೊರೆದಿರುತ್ತೆ, ಅಷ್ಟರದ್ದೇ ತಂದು ಹಾಕಿ.

ಆಮೇಲೆ ಕಾರಿನ ಫ್ಯೂಸ್ ಬಾಕ್ಸ್. ಮುಚ್ಚಳದ ಒಳಮೈಲಿ ಯಾವ್ದು ಯಾವುದಕ್ಕೆ ಅಂತ ಚಿತ್ರ ಇರುತ್ತೆ, ಸಾಕೆಟ್ಟಿಂದು ಸಾಮಾನ್ಯವಾಗಿ 10, 15 ಅಥವಾ 20 ಆಂಪಿಯರ್. ಹೋಗಿದ್ರೆ ಅದೇ ನಂಬರ್ ಇರೋದು ಹಾಕಿ, ಅಂಗಡೀಲಿ ಹತ್ತಿಪ್ಪತ್ತು ರೂಪಾಯಿ ಮಾತು. ದಯವಿಟ್ಟು 15ರ ಜಾಗಕ್ಕೆ 30 ಹಾಕೋದು, ತಾಮ್ರದ ಎಳೆ ಸುತ್ತೋದು ಮಾಡ್ಬೇಡಿ, ಫ್ಯೂಸ್ ಸುಡೋ ಬದಲು ಡ್ಯಾಶ್‌ಬೋರ್ಡ್ ಒಳಗೆ ವೈರ್ ಸುಡುತ್ತೆ, ಗಾಡಿಗೆ ಬೆಂಕಿ ಹತ್ತೋದು ಹಂಗೇನೇ. ಹೊಸ ಫ್ಯೂಸೂ ಹಾಕಿದ ತಕ್ಷಣ ಹೋಯ್ತು ಅಂದ್ರೆ ಅಲ್ಲಿಗೆ ನಿಲ್ಲಿಸಿ, ಒಳಗೆಲ್ಲೋ ಶಾರ್ಟ್ ಇದೆ, ಆಟೋ ಎಲೆಕ್ಟ್ರಿಷಿಯನ್ ನೋಡ್ಬೇಕು.

ಆನ್ ಆಗುತ್ತೆ, ಆದ್ರೆ ಮ್ಯಾಪ್ ಬದಲು ಕಂಪ್ಯೂಟರ್ ಚಿತ್ರ ಬಂದು ನಿಂತ್ಕೊಳ್ಳುತ್ತೆ

ಇದು ಕೇಬಲ್ ವಿಷಯ. ಕೆಲವು ಯೂನಿಟ್‌ಗಳ ಕಾರ್ ಕೇಬಲ್ ಒಳಗೆ "ಇದು ಬರೀ ಕರೆಂಟ್" ಅಂತ ಯೂನಿಟ್ಟಿಗೆ ತಿಳಿಸೋ ಸಣ್ಣ ಜೋಡಣೆ ಇರುತ್ತೆ. ಆ ಕೇಬಲ್ ಕಳೆದೋಗಿ ಸಾಮಾನ್ಯ ಯುಎಸ್‌ಬಿ ಕೇಬಲ್ ಹಾಕಿದ್ರೆ ಯೂನಿಟ್ ಕಂಪ್ಯೂಟರಿಗೆ ಸೇರಿಸಿದ್ದಾರೆ ಅಂದ್ಕೊಂಡು ಮ್ಯಾಪ್ ಬಂದ್ ಮಾಡಿಬಿಡುತ್ತೆ. ಯೂನಿಟ್ ಕೆಟ್ಟಿಲ್ಲ, ಅದರ ಮಾಡೆಲ್ಲಿಗೆ ಸರಿಯಾದ ಕಾರ್ ಕೇಬಲ್ ತಗೊಳ್ಳಿ.

ಓಡ್ತಿದ್ದಂಗೆ ಆಫ್ ಆಗುತ್ತೆ, ಅಥವಾ ದಿನಾ ಬೆಳಗ್ಗೆ ಎಲ್ಲಾ ಮರೆತುಬಿಡುತ್ತೆ

ಸೆಲ್ಫ್ ಹೊಡೆದಾಗ ಒಂದ್ಸಲ ಆಫ್ ಆಗಿ ಆನ್ ಆದ್ರೆ ಚಿಂತೆ ಬೇಡ, ಸ್ಟಾರ್ಟರ್ ಅಷ್ಟೂ ಕರೆಂಟ್ ಎಳ್ಕೊಂಡಾಗ ವೋಲ್ಟೇಜ್ ಕುಸಿಯುತ್ತೆ. ಆದ್ರೆ ಈಚೆಗೆ ಇದು ಜಾಸ್ತಿ ಆಗಿ ಸೆಲ್ಫೂ ಎಳೆದಾಡ್ತಿದ್ರೆ ಅದು ಕಾರ್ ಬ್ಯಾಟರಿ ಸೋಲ್ತಿರೋ ಗುರುತು, ಜಿಪಿಎಸ್ ಬಿಟ್ಟು ಬ್ಯಾಟರಿ ಚೆಕ್ ಮಾಡ್ಸಿ. ಎಂಜಿನ್ ಆಫಲ್ಲಿ ಸುಮಾರು 12.6 ವೋಲ್ಟ್, ಆನಲ್ಲಿ 13.8ರಿಂದ 14.4 ಇದ್ರೆ ಬ್ಯಾಟರಿ, ಆಲ್ಟರ್ನೇಟರ್ ಎರಡೂ ಸರಿ ಇವೆ ಅಂತ ಮೋಟಾಗಿ ಹೇಳ್ಬಹುದು.

ಗುಂಡಿ, ಹಂಪ್ ಹಾರಿದಾಗ ಮಾತ್ರ ಆಫ್ ಆಗ್ತಿದ್ರೆ ಲೂಸ್ ಕನೆಕ್ಷನ್. ಗಾಡಿ ನಿಲ್ಲಿಸಿ ಅಡಾಪ್ಟರನ್ನ ಬೆರಳಲ್ಲಿ ಆ ಕಡೆ ಈ ಕಡೆ ಅಲ್ಲಾಡಿಸಿ, ಆಮೇಲೆ ಕೇಬಲ್ಲಿನ ಯೂನಿಟ್ ಕಡೆ ತುದಿ. ಯಾವ್ದು ಅಲ್ಲಾಡಿಸಿದಾಗ ಲೈಟ್ ಮಿಣಮಿಣ ಅನ್ನುತ್ತೋ ಅಲ್ಲೇ ತೊಂದರೆ. ಕ್ವಾರಿ, ಜಲ್ಲಿ ಕ್ರಷರ್ ಕಡೆ ಓಡಾಡೋ ಗಾಡಿಗಳಲ್ಲಿ ಯುಎಸ್‌ಬಿ ತೂತಿನ ತಳದಲ್ಲಿ ಬಿಳಿ ಧೂಳು ಗಟ್ಟಿಯಾಗಿ ಕೂತಿರುತ್ತೆ, ಪಿನ್ ಪೂರ್ತಿ ಒಳಗೇ ಹೋಗಲ್ಲ. ಆಫ್ ಮಾಡಿ ಹಲ್ಲುಕಡ್ಡಿಯಿಂದ ಮೆತ್ತಗೆ ಕೆರೆದು ತೆಗೀರಿ, ಸೂಜಿ ಬೇಡ, ಬಾಯಲ್ಲಿ ಊದೋದೂ ಬೇಡ, ಎಂಜಲಿನ ತೇವ ಹೋಗಿ ಕೂತ್ರೆ ತುಕ್ಕು.

ಆಂಡ್ರಾಯ್ಡ್ ಸ್ಟೀರಿಯೋ ಪ್ರತಿ ಸಲ ಕೀ ಆಫ್ ಮಾಡಿದಾಗ್ಲೂ ಟೈಮು, ಸೇವ್ ಮಾಡಿದ ಮನೆ ಅಡ್ರೆಸ್ಸು, ರೇಡಿಯೋ ಸ್ಟೇಷನ್ನು ಎಲ್ಲಾ ಮರೆತುಬಿಡುತ್ತೆ ಅಂದ್ರೆ ಹಿಂದಿನ ಹಳದಿ ವೈರ್ ನೋಡ್ಬೇಕು. ಸಾಮಾನ್ಯವಾಗಿ ಹಳದಿ ಬ್ಯಾಟರಿಯಿಂದ ಯಾವಾಗ್ಲೂ ಬರೋ ಕರೆಂಟು, ಕೆಂಪು ಕೀ ಹಾಕಿದಾಗ ಬರೋದು, ಕಪ್ಪು ಅರ್ತ್. ಹಾಕಿದವರು ಹಳದಿ ಕೆಂಪು ಎರಡನ್ನೂ ಕೀ ಲೈನಿಗೇ ಸೇರಿಸಿದ್ರೆ ಅದಕ್ಕೆ ನೆನಪು ಉಳಿಯಲ್ಲ. ಹಾಕಿದವರ ಹತ್ರಾನೇ ಹೋಗಿ ಸರಿ ಮಾಡಿಸ್ಕೊಳ್ಳಿ.

ಆನ್ ಇದೆ, ಮ್ಯಾಪ್ ಇದೆ, ಸ್ಯಾಟಲೈಟ್ ಮಾತ್ರ ಸಿಗ್ತಿಲ್ಲ

ಜನ ಜಾಸ್ತಿ ದುಡ್ಡು ಕಳ್ಕೊಳ್ಳೋದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ.

ಜಿಪಿಎಸ್ ಸ್ಯಾಟಲೈಟ್‌ಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ಜಾಗ ಸರಿಯಾಗಿ ಲೆಕ್ಕ ಹಾಕೋಕೆ ಒಟ್ಟಿಗೆ ಕನಿಷ್ಠ 4 ಕಾಣ್ಬೇಕು. ಅಷ್ಟು ದೂರದಿಂದ ಬರೋ ಸಿಗ್ನಲ್ ಎಷ್ಟು ಸಣ್ಣದು ಅಂದ್ರೆ ಸಂತೆ ಗದ್ದಲದಲ್ಲಿ ಪಿಸುಮಾತು ಕೇಳಿಸ್ಕೊಂಡಂಗೆ. ತಗಡಿನ ಶೆಡ್ಡು, ಕಾಂಕ್ರೀಟ್ ಪಾರ್ಕಿಂಗು ಅದನ್ನ ತಡೆದುಬಿಡುತ್ತೆ. ಮೋಡ, ಮಂಜು ತಡೆಯಲ್ಲ. ನಂದಿ ಬೆಟ್ಟದ ಮೇಲೆ ಬೆಳಗ್ಗೆ ಮಂಜು ಇದ್ದಾಗ ಮ್ಯಾಪ್ ಕೈಕೊಟ್ರೆ ಎಷ್ಟೋ ಜನ ಮಂಜಿಗೇ ಬೈತಾರೆ, ಆದ್ರೆ ಅಲ್ಲಿ ಸಾಮಾನ್ಯವಾಗಿ ಕೈಕೊಡೋದು ಮೊಬೈಲ್ ನೆಟ್ವರ್ಕು, ಇಲ್ಲ ತಿರುವಿನ ಪಕ್ಕದ ಬಂಡೆ ಅರ್ಧ ಆಕಾಶ ಮುಚ್ಚಿರೋದು. ಜಿಪಿಎಸ್ಸಿಗೆ ಇಂಟರ್ನೆಟ್ ಬೇಕಾಗಿಲ್ಲ. ಮ್ಯಾಪ್ ಚಿತ್ರ ಇಳಿಸೋಕೆ, ಟ್ರಾಫಿಕ್ ತೋರ್ಸೋಕೆ ಇಂಟರ್ನೆಟ್ ಬೇಕು. ನೀಲಿ ಚುಕ್ಕೆ ಸರಿಯಾಗಿ ಓಡ್ತಾ ಸುತ್ತ ರಸ್ತೆ ಕಾಣದೆ ಬರೀ ಬೂದು ಬಣ್ಣ ಬಂದ್ರೆ ಜಿಪಿಎಸ್ ಸರಿ ಇದೆ, ನೆಟ್ ಇಲ್ಲ. ಗುಡಿಬಂಡೆ, ಚೇಳೂರು ಕಡೆ ಹೊರಡೋ ಮುಂಚೆ ಮನೆ ವೈಫೈಲಿ ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡ್ರೆ ಈ ತಾಪತ್ರಯ ಇರಲ್ಲ.

ಮೊದಲ್ನೇ ಪರೀಕ್ಷೆಗೆ ಕಾಸು ಬೇಡ. ಮರ, ಕಟ್ಟಡ ಇಲ್ಲದ ಬಯಲಿಗೆ ಗಾಡಿ ತಗೊಂಡೋಗಿ ನಿಲ್ಲಿಸಿ, ಯೂನಿಟ್ ಆನ್ ಮಾಡಿ 15-20 ನಿಮಿಷ ಸುಮ್ನೆ ಬಿಡಿ. ಬಹಳ ದಿನ ಆಫ್ ಆಗಿದ್ರೆ, ಅಥವಾ ಬೇರೆ ರಾಜ್ಯದಲ್ಲಿ ಕೊಂಡು ಆಫ್ ಮಾಡಿಯೇ ಇಲ್ಲಿಗೆ ತಂದಿದ್ರೆ ಅದು ಸ್ಯಾಟಲೈಟ್ ಪಟ್ಟಿಯನ್ನ ಹೊಸದಾಗಿ ಇಳಿಸ್ಕೋಬೇಕು, ಪೂರ್ತಿ ಪಟ್ಟಿ ಬರೋಕೆ ಹನ್ನೆರಡೂವರೆ ನಿಮಿಷ ಹಿಡಿಯುತ್ತೆ. ಎರಡು ನಿಮಿಷ ನೋಡಿ ಸತ್ತೋಯ್ತು ಅನ್ಬೇಡಿ, ಆ ಹೊತ್ತಲ್ಲಿ ಗಾಡಿ ಓಡಿಸ್ಲೂ ಬೇಡಿ. ಮುಚ್ಚಿದ ಶೆಡ್ಡಲ್ಲಿ ಎಂಜಿನ್ ಆನ್ ಇಟ್ಕೊಂಡು ಕಾಯೋದಂತೂ ಬೇಡವೇ ಬೇಡ, ಸಿಗ್ನಲ್ಲೂ ಸಿಗಲ್ಲ, ಹೊಗೆ ಗಾಳಿ ಕುಡಿದು ಪ್ರಾಣಕ್ಕೇ ಬರುತ್ತೆ.

ಎರಡನೇದು ಸೆಟ್ಟಿಂಗ್. ಕೆಲವು ಯೂನಿಟಲ್ಲಿ ಮನೆಯೊಳಗೆ ಕೂತು ದಾರಿ ನೋಡೋಕೆ ಅಂತ ಜಿಪಿಎಸ್ ಸಿಮ್ಯುಲೇಟರ್ ಅನ್ನೋ ಆಪ್ಷನ್ ಇರುತ್ತೆ, ಮಕ್ಕಳು ಆಟಾಡ್ತಾ ಅದನ್ನ ಆನ್ ಮಾಡಿದ್ರೆ ಅದು ಸ್ಯಾಟಲೈಟ್ ಹುಡುಕೋದನ್ನೇ ನಿಲ್ಲಿಸುತ್ತೆ. ಆಂಡ್ರಾಯ್ಡ್ ಸ್ಟೀರಿಯೋ ಆದ್ರೆ ಲೊಕೇಷನ್ ಆನ್ ಇದೆಯಾ, ಮ್ಯಾಪ್ ಆಪಿಗೆ ಲೊಕೇಷನ್ ಪರ್ಮಿಷನ್ ಇದೆಯಾ ನೋಡಿ.

ಮೂರನೇದು ಪಕ್ಕದ ಸಾಮಾನು. ಸಸ್ತಾ ಡ್ಯಾಶ್‌ಕ್ಯಾಮ್, ಸಸ್ತಾ ಯುಎಸ್‌ಬಿ ಚಾರ್ಜರ್ ಇವು ಒಳಗಿಂದ ಒಂಥರಾ ಗದ್ದಲ ಹೊರಡಿಸ್ತವೆ, ಜಿಪಿಎಸ್ ಕೇಳಿಸ್ಕೊಳ್ಳೋ 1575.42 ಮೆಗಾಹರ್ಟ್ಸ್ ಹತ್ರಾನೂ ಅದು ಬಂದುಬಿಡುತ್ತೆ. ಎಲ್ಲಾ ಪ್ಲಗ್ ಕಿತ್ತು ಬಿಸಾಕಿ, ಜಿಪಿಎಸ್ ಒಂದನ್ನೇ ಅದರ ಸ್ವಂತ ಬ್ಯಾಟರೀಲಿ ಆನ್ ಮಾಡಿ. ಸಿಕ್ತು ಅಂದ್ರೆ ಒಂದೊಂದಾಗಿ ವಾಪಸ್ ಹಾಕ್ತಾ ಬನ್ನಿ, ಯಾವ್ದು ಹಾಕಿದಾಗ ಹೋಗುತ್ತೋ ಅದೇ ಕಳ್ಳ. ಡ್ಯಾಶ್‌ಕ್ಯಾಮ್ ಆಗಿದ್ರೆ ಗ್ಲಾಸಿನ ಆ ತುದಿಗೆ ಸರಿಸಿದ್ರೂ ಸಾಕಾಗಬಹುದು. ಫಾಸ್ಟ್ಯಾಗ್ ಸ್ಟಿಕರ್ ಮೇಲೆ ಸುಮಾರು ಜನಕ್ಕೆ ಅನುಮಾನ, ಅದರಲ್ಲಿ ಬ್ಯಾಟರಿಯೇ ಇಲ್ಲ, ಟೋಲಲ್ಲಿ ರೀಡರ್ ಅಲೆ ಬಿದ್ದಾಗ ಮಾತ್ರ ಉತ್ತರ ಕೊಡುತ್ತೆ, ಅದನ್ನ ಕಿತ್ತು ಹಾಳು ಮಾಡ್ಕೋಬೇಡಿ.

ಗ್ಲಾಸಿಗೆ ಬಿಸಿಲು ತಡೆಯೋ ಫಿಲ್ಮ್ ಇದ್ರೆ, ಅದರಲ್ಲಿ ಲೋಹದ ಪದರ ಇದ್ರೆ ಸಿಗ್ನಲ್ ಒಳಗೇ ಬರಲ್ಲ. ಯೂನಿಟನ್ನ ಕಾರಿಂದ ಹೊರಗೆ ತಂದು ಬಾನೆಟ್ ಮೇಲೆ ಇಡಿ. ಹೊರಗೆ ಬೇಗ ಸಿಕ್ಕಿ ಒಳಗೆ ಸಿಗ್ತಿಲ್ಲ ಅಂದ್ರೆ ಗ್ಲಾಸಿಂದೇ ತೊಂದರೆ.

ಇನ್ನು ಆಂಡ್ರಾಯ್ಡ್ ಸ್ಟೀರಿಯೋದವರಿಗೆ. ನಿಮ್ಮ ಸ್ಟೀರಿಯೋಗೆ ಪ್ರತ್ಯೇಕ ಜಿಪಿಎಸ್ ಆಂಟೆನಾ ಇರುತ್ತೆ, ಸಣ್ಣ ಚೌಕದ ಕಪ್ಪು ಡಬ್ಬಿ, ಕೆಳಗೆ ಅಯಸ್ಕಾಂತ, ಒಂದು ತೆಳು ವೈರು. ಹಾಕೋರು ಅರ್ಜೆಂಟಲ್ಲಿ ಅದನ್ನ ಸ್ಟೀರಿಯೋ ಹಿಂದೇನೇ ತುರುಕಿ ಮುಚ್ಚಿರ್ತಾರೆ, ಅಲ್ಲಿ ಸುತ್ತ ಕಬ್ಬಿಣ, ಮೇಲೆ ಎಸಿ ಡಕ್ಟು. ಅದು ಮುಂದಿನ ಗ್ಲಾಸಿನ ಕೆಳಗೆ ಡ್ಯಾಶ್‌ಬೋರ್ಡಿನ ಮೇಲ್ಮೈಲಿ, ಅಯಸ್ಕಾಂತದ ಕಡೆ ಕೆಳಗೆ, ಮುಖ ಆಕಾಶಕ್ಕೆ ಇರ್ಬೇಕು. ಪ್ಯಾಸೆಂಜರ್ ಕಡೆ ಏರ್‌ಬ್ಯಾಗ್ ತೆರ್ಕೊಳ್ಳೋ ಮುಚ್ಚಳದ ಮೇಲೆ ಮಾತ್ರ ಇಡ್ಬೇಡಿ, ಏರ್‌ಬ್ಯಾಗ್ ಸಿಡಿದಾಗ ಆ ಡಬ್ಬಿ ಮುಖಕ್ಕೆ ಬರುತ್ತೆ.

ಆಂಟೆನಾ ಹೋಗಿದೆಯೋ ಜಾಗ ಸರಿಯಿಲ್ವೋ ಅಂತ ತಿಳ್ಕೊಳ್ಳೋಕೆ ಸ್ಯಾಟಲೈಟ್ ಬಲ ತೋರ್ಸೋ ಉಚಿತ ಆಪ್ ಒಂದನ್ನ ಹಾಕ್ಕೊಳ್ಳಿ, ಪ್ರತಿ ಸ್ಯಾಟಲೈಟಿಗೂ ಒಂದೊಂದು ಕಂಬ, ಅದರ ಮೇಲೆ ಒಂದು ನಂಬರ್ ಬರುತ್ತೆ. ಬಯಲಲ್ಲಿ ನಿಂತು 35-45ರ ಆಸುಪಾಸಿನ ಕಂಬ ಏಳೆಂಟು ಇದ್ರೆ ಆಂಟೆನಾ ಗಟ್ಟಿ ಇದೆ, ತೊಂದರೆ ಮ್ಯಾಪ್ ಆಪಲ್ಲಿ. ಕಂಬ ತುಂಬ ಇವೆ, ಎಲ್ಲಾ 25ರ ಕೆಳಗೆ ಅಂದ್ರೆ ಆಂಟೆನಾ ಇಟ್ಟಿರೋ ಜಾಗ ಸರಿಯಿಲ್ಲ, ಇಲ್ಲ ಪಕ್ಕದಲ್ಲಿ ಗದ್ದಲ ಇದೆ. ಒಂದೂ ಕಂಬ ಇಲ್ಲ, ಸೊನ್ನೆ ಅಂದ್ರೆ ಆಂಟೆನಾ ಪಿನ್ ಬಿಚ್ಕೊಂಡಿದೆ ಅಥವಾ ವೈರ್ ಎಲ್ಲೋ ಮಡಚಿ ತುಂಡಾಗಿದೆ. ಈ ಆಂಟೆನಾಗೆ ಸ್ಟೀರಿಯೋ ಕಡೆಯಿಂದ ಅದೇ ವೈರಲ್ಲಿ 3ರಿಂದ 5 ವೋಲ್ಟ್ ಬರುತ್ತೆ, ಹಾಗಾಗಿ ವೈರ್ ಕತ್ತರಿಸಿ ಟೇಪ್ ಸುತ್ತಿ ಉದ್ದ ಮಾಡೋ ಕೆಲ್ಸ ನಡೆಯಲ್ಲ, ಪೂರ್ತಿ ಆಂಟೆನಾ ಬದಲಾಯಿಸ್ಬೇಕು. ಯೂನಿಟ್ ಬದಲಾಯಿಸಿ ಅನ್ನೋ ಮುಂಚೆ ಅಂಗಡಿಯವರಿಗೆ ಬೇರೆ ಆಂಟೆನಾ ಚುಚ್ಚಿ ತೋರ್ಸಿ ಅಂತ ಕೇಳಿ, ಐದು ನಿಮಿಷದ ಕೆಲ್ಸ. ಕಂಪನಿ ಕಾರಿನ ಒರಿಜಿನಲ್ ಸಿಸ್ಟಮ್ಮಲ್ಲಿ ಜಿಪಿಎಸ್ ಕನೆಕ್ಟರ್ ಸಾಮಾನ್ಯವಾಗಿ ನೀಲಿ ಬಣ್ಣದ್ದು, ವಾರಂಟಿ ಇದ್ರೆ ಅದನ್ನ ಮುಟ್ಟೋಕೆ ಹೋಗ್ಬೇಡಿ.

ಬಾಣ ಹೊಲದಲ್ಲಿ ಓಡ್ತಿದೆ, ರಸ್ತೆ ತಪ್ಪು ತೋರಿಸ್ತಿದೆ

ಹೊಸ ರಸ್ತೇಲಿ ಮಾತ್ರ ಹೀಗಾದ್ರೆ ಮ್ಯಾಪ್ ಹಳೇದು ಅಷ್ಟೇ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತೋ ಸ್ಯಾಟಲೈಟ್ ಟೌನ್ ರಿಂಗ್ ರೋಡಲ್ಲಿ, ಹೊಸಕೋಟೆಯಿಂದ ಮಾಲೂರು ಕಡೆ ಹೋಗೋ ಚೆನ್ನೈ ಎಕ್ಸ್‌ಪ್ರೆಸ್‌ವೇಲಿ ಹಳೇ ಮೆಮೊರಿ ಕಾರ್ಡ್ ಮ್ಯಾಪ್ ಇರೋ ಯೂನಿಟ್ ಹಾಕ್ಕೊಂಡು ಹೋಗಿ ನೋಡಿ, ಬಾಣ ಖಾಲಿ ಜಾಗದಲ್ಲಿ ತೇಲ್ತಾ "ಯೂ ಟರ್ನ್ ಮಾಡಿ" ಅಂತ ಬಡ್ಕೊಳ್ಳುತ್ತೆ. ಅದರ ಮಾತು ಕೇಳಿ ಎಕ್ಸ್‌ಪ್ರೆಸ್‌ವೇಲಿ ನಿಲ್ಲಿಸೋದು, ತಿರುಗಿಸೋದು ಮಾಡ್ಬೇಡಿ, ಬೋರ್ಡ್ ನೋಡ್ಕೊಂಡು ಮುಂದಿನ ಇಳಿಯೋ ಜಾಗದ ತನಕ ಹೋಗಿ. ಪರಿಹಾರ ಮ್ಯಾಪ್ ಅಪ್‌ಡೇಟ್, ಕಂಪನಿ ಅದನ್ನ ನಿಲ್ಲಿಸಿಬಿಟ್ಟಿದ್ರೆ ಆ ಯೂನಿಟ್ಟಿಗೆ ದುಡ್ಡು ಸುರಿಯೋದು ಬೇಡ.

ಹಳೇ ಮ್ಯಾಪಲ್ಲಿ ಊರೇ ಸಿಗ್ತಿಲ್ಲ ಅನ್ನೋರು ಹಳೇ ಸ್ಪೆಲ್ಲಿಂಗ್ ಹಾಕಿ ನೋಡಿ. ತುಮಕೂರು, ಬೆಂಗಳೂರು, ಮೈಸೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ನಮ್ಮದು ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕೂ ಹಿಂದಿನ ಮಾಹಿತಿ ಇಟ್ಕೊಂಡು ಮಾಡಿದ ಮ್ಯಾಪ್ ಆದ್ರೆ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯನ್ನ ಕೋಲಾರ ಜಿಲ್ಲೆ ಅಡೀಲಿ ಹುಡುಕ್ಬೇಕು.

ರಸ್ತೆ ಹಳೇದೇ, ಆದ್ರೂ ಹಳ್ಳಿ ಹಳ್ಳಿ ಸುತ್ತಿಸ್ತಿದೆ ಅಂದ್ರೆ ರೂಟ್ ಸೆಟ್ಟಿಂಗ್ ನೋಡಿ. ಟೋಲ್ ಬೇಡ ಅನ್ನೋದು ಆನ್ ಇದ್ರೆ ಬಾಗೇಪಲ್ಲಿ ಟೋಲ್ ತಪ್ಪಿಸೋಕೆ ಎಲ್ಲೆಲ್ಲೋ ತಿರುಗಿಸುತ್ತೆ. ಬೈಕ್ ಮೋಡ್ ಇದ್ರೆ ಬಂಡಿಜಾಡಿಗೂ ಕರ್ಕೊಂಡು ಹೋಗುತ್ತೆ. ಹತ್ತಿರದ ದಾರಿ ಅನ್ನೋದು ತೆಗೆದು ಬೇಗ ಮುಟ್ಟೋ ದಾರಿ ಇಡಿ.

ಸರ್ವೀಸ್ ರೋಡಲ್ಲಿದ್ರೆ ಹೈವೇ ಮೇಲೆ ಅನ್ನೋದು, ಹೆಬ್ಬಾಳ ಫ್ಲೈಓವರ್ ಕೆಳಗೆ ಬಾಣ ಎಗರಾಡೋದು, ಸಿಗ್ನಲಲ್ಲಿ ನಿಂತಾಗ ಬಾಣ ತನ್ನಷ್ಟಕ್ಕೇ ತಿರುಗೋದು, ಇವು ದೋಷ ಅಲ್ಲ. ಬಯಲಲ್ಲೇ ಮೂರರಿಂದ ಐದು ಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತೆ, ದಿಕ್ಕು ಗೊತ್ತಾಗೋಕೆ ಗಾಡಿ ಚಲಿಸ್ಬೇಕು. ಮೀಟರಲ್ಲಿ 84, ಜಿಪಿಎಸ್ಸಲ್ಲಿ 80 ಅನ್ನೋದೂ ಸರಿಯೇ, ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿ ತೋರ್ಸೋ ಹಾಗೇ ಕಂಪನಿಯವರು ಇಟ್ಟಿರ್ತಾರೆ. ಬಯಲಲ್ಲೂ ನೂರಿನ್ನೂರು ಮೀಟರ್ ತಪ್ಪಿದ್ರೆ ಮಾತ್ರ ಮೇಲಿನ ಆಂಟೆನಾ ಪರೀಕ್ಷೆಗೆ ಹೋಗಿ.

ದಿನಾಂಕ 19-20 ವರ್ಷ ಹಿಂದಿಂದು ತೋರಿಸ್ತಿದೆ

ಬ್ಯಾಟರಿ ಹೋಯ್ತು ಅಂತ ಬದಲಾಯಿಸ್ಬೇಡಿ. ಜಿಪಿಎಸ್ ವಾರಗಳನ್ನ ಎಣಿಸುತ್ತೆ, 1024 ವಾರ ಆದ್ಮೇಲೆ ಮತ್ತೆ ಸೊನ್ನೆಯಿಂದ ಶುರು. 1999ರ ಆಗಸ್ಟಲ್ಲಿ ಒಂದ್ಸಲ, 2019ರ ಏಪ್ರಿಲ್ 6ಕ್ಕೆ ಇನ್ನೊಂದ್ಸಲ ಹಂಗಾಯ್ತು, ಮುಂದಿಂದು 2038ರ ನವೆಂಬರ್. ಹಳೇ ಸಾಫ್ಟ್‌ವೇರ್ ಇರೋ ಯೂನಿಟ್ ಇದನ್ನ ಅರ್ಥ ಮಾಡ್ಕೊಳ್ಳದೆ ಹಿಂದಕ್ಕೆ ಹೋಗಿಬಿಡುತ್ತೆ. ಬಹಳಷ್ಟು ಸಲ ದಾರಿ ಸರಿಯಾಗೇ ತೋರ್ಸುತ್ತೆ, ತಾರೀಖು ಮಾತ್ರ ತಪ್ಪು, ಕೆಲವು ಮಾತ್ರ ಸ್ಯಾಟಲೈಟೇ ಹಿಡಿಯಲ್ಲ. ಕಂಪನಿ ಅಪ್‌ಡೇಟ್ ಕೊಟ್ಟಿದ್ರೆ ಹಾಕಿ, ಬೇರೆ ದಾರಿ ಇಲ್ಲ. ತಲುಪೋ ಟೈಮ್ ಬರೀ ಅರ್ಧ ಗಂಟೆ ಹೆಚ್ಚುಕಮ್ಮಿ ಬರ್ತಿದ್ರೆ ಅದು ಬೇರೆ ವಿಷಯ, ಟೈಮ್ ಝೋನ್ ಐದೂವರೆ ಗಂಟೆ ಇದೆಯಾ ನೋಡ್ಕೊಳ್ಳಿ.

ಬಿಸಿ ಆಗುತ್ತೆ, ಸ್ಕ್ರೀನ್ ಮೇಲಕ್ಕೆದ್ದಿದೆ

ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಗ್ಲಾಸ್ ಮುಚ್ಚಿ ನಿಲ್ಲಿಸಿದ ಕಾರಲ್ಲಿ ಡ್ಯಾಶ್‌ಬೋರ್ಡ್ ಮೇಲೆ 60 ಡಿಗ್ರಿ ದಾಟುತ್ತೆ. ಲಿಥಿಯಂ ಬ್ಯಾಟರಿಗೆ 45ರ ಮೇಲೆ ಚಾರ್ಜ್ ಮಾಡೋದೇ ಒಳ್ಳೇದಲ್ಲ. ಬಿಸಿ ಆಗಿದೆ ಅಂತ ಸ್ಕ್ರೀನಲ್ಲಿ ಬಂದ್ರೆ ಪ್ಲಗ್ ತೆಗೆದು ನೆರಳಲ್ಲಿ ಆರಲು ಬಿಡಿ, ಎಸಿ ತೂತಿನ ಮುಂದೆ ಹಿಡಿದು ಗಬಕ್ಕಂತ ತಣ್ಣಗೆ ಮಾಡಿದ್ರೆ ಒಳಗೆ ನೀರಾಡುತ್ತೆ. ಗಾಡಿ ನಿಲ್ಲಿಸಿದಾಗ್ಲೆಲ್ಲ ಯೂನಿಟ್ ಬಿಚ್ಚಿ ಜೊತೆಗೆ ತಗೊಂಡೋಗಿ, ಆಗದಿದ್ರೆ ಗ್ಲೋವ್ ಬಾಕ್ಸಲ್ಲಿಡಿ, ಕಳ್ಳರ ಕಣ್ಣಿಗೂ ಬೀಳಲ್ಲ. ವಾರಗಟ್ಟಲೆ ಬಳಸಲ್ಲ ಅಂದ್ರೆ ಅರ್ಧ ಚಾರ್ಜಲ್ಲಿ ಮನೆಯೊಳಗೆ ಇಡಿ.

ಸ್ಕ್ರೀನ್ ಅಂಚು ಬಿರಿದು ಮೇಲೆದ್ದಿದೆ, ಹಿಂದಿನ ಮುಚ್ಚಳ ಉಬ್ಬಿದೆ, ಟೇಬಲ್ ಮೇಲಿಟ್ರೆ ತಿರುಗುತ್ತೆ ಅಂದ್ರೆ ಒಳಗೆ ಬ್ಯಾಟರಿ ಊದಿದೆ. ಇಲ್ಲಿ ಮನೆ ರಿಪೇರಿ ಮುಗೀತು. ಚಾರ್ಜಿಗೆ ಹಾಕ್ಬೇಡಿ, ಒತ್ತಿ ಮುಚ್ಬೇಡಿ, ಚುಚ್ಚಿ ಗಾಳಿ ತೆಗೀತೀನಿ ಅನ್ನಬೇಡಿ, ಅದು ಹತ್ಕೊಂಡು ಉರಿಯುತ್ತೆ. ಆಫ್ ಮಾಡಿ, ಕಾರಿಂದ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ, ಸುಡೋ ಸಾಮಾನು ಇಲ್ಲದ ಜಾಗದಲ್ಲಿಟ್ಟು ರಿಪೇರಿಯವರಿಗೆ ಕೊಡಿ, ಕಸದ ಗಾಡಿಗೆ ಹಾಕ್ಬೇಡಿ.

ಊದದೆ ಇದ್ದು ಟಚ್ ಮಾತ್ರ ಎಲ್ಲೋ ಒತ್ತಿದ್ರೆ ಎಲ್ಲೋ ಬರ್ತಿದ್ರೆ ಸ್ಕ್ರೀನ್ ಗಾರ್ಡ್ ತೆಗೆದು, ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೇಲಿ ಒರೆಸಿ ನೋಡಿ, ಅಂಚಲ್ಲಿ ಕೂತ ಧೂಳೇ ಒತ್ತಿದಂಗೆ ಆಗಿರುತ್ತೆ. ಆಮೇಲೆ ಸೆಟ್ಟಿಂಗಲ್ಲಿ ಟಚ್ ಸರಿಪಡಿಸೋ ಆಪ್ಷನ್ ಇದ್ರೆ ಮಾಡಿ.

ರಬ್ಬರ್ ಕಪ್ ಬಿದ್ದೋಗ್ತಿದ್ರೆ ಅದನ್ನ ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಆಕಾರ ವಾಪಸ್ ಬರುತ್ತೆ, ಗ್ಲಾಸ್ ಸ್ಪಿರಿಟಲ್ಲಿ ಒರೆಸಿ ಒಣಗಿದ ಮೇಲೆ ಅಂಟಿಸಿ. ರಸ್ತೆ ಕಾಣೋ ಜಾಗಕ್ಕೆ ಅಡ್ಡ ಬೇಡ.

ಟ್ರ್ಯಾಕರ್: ಮೊಬೈಲಲ್ಲಿ ಗಾಡಿ ನಿಂತಲ್ಲೇ ನಿಂತಿದೆ

ಟ್ರ್ಯಾಕರಿಗೆ ಎರಡು ಕಿವಿ. ಒಂದು ಸ್ಯಾಟಲೈಟಿಗೆ, ಇನ್ನೊಂದು ಸಿಮ್ಮಿಗೆ, ಸಾಮಾನ್ಯವಾಗಿ ಹೋಗೋದು ಸಿಮ್. ಆಪಲ್ಲಿ ಕೊನೇ ಅಪ್‌ಡೇಟ್ ಆದ ಟೈಮ್ ನೋಡಿ. ಟೈಮ್ ಈಗಿಂದೇ ಇದ್ದು ಜಾಗ ಮಾತ್ರ ಹಳೇದಾದ್ರೆ ಸಿಮ್ ಸರಿ ಇದೆ, ಆಕಾಶ ಕಾಣ್ತಿಲ್ಲ. ಟೈಮೇ ನಿನ್ನೇದಾದ್ರೆ ತೊಂದರೆ ಸಿಮ್ಮಲ್ಲಿ, ಇಲ್ಲಾಂದ್ರೆ ಕರೆಂಟಲ್ಲಿ. ಮೊದ್ಲು ರೀಚಾರ್ಜ್ ಅಥವಾ ವರ್ಷದ ಪ್ಲಾನ್ ಮುಗಿದಿದೆಯಾ ಕೇಳಿ. ಇವಕ್ಕೆ ಬಹಳಷ್ಟು ಸಲ 13 ಅಂಕಿಯ ನಂಬರ್ ಇರುತ್ತೆ, ನಮ್ಮ ಮಾಮೂಲಿ ರೀಚಾರ್ಜ್ ಅಂಗಡೀಲಿ ಆಗಲ್ಲ, ಟ್ರ್ಯಾಕರ್ ಕೊಟ್ಟವರೇ ಮಾಡ್ಬೇಕು. ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಹೋದ ತಕ್ಷಣ ಮಾತ್ರ ನಿಂತೋಗ್ತಿದ್ರೆ ರೋಮಿಂಗ್ ಆನ್ ಇದೆಯಾ ಅಂತ ಅವ್ರನ್ನೇ ಕೇಳಿ.

ಎರಡು ಮೂರು ದಿನ ನಿಲ್ಲಿಸಿದ್ರೆ ಗಾಡಿ ಸ್ಟಾರ್ಟೇ ಆಗಲ್ಲ ಅಂದ್ರೆ ಎಲ್ಲಾ ಆಫ್ ಮಾಡಿ, ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗ್ತಿದೆ ಅಂತ ಎಲೆಕ್ಟ್ರಿಷಿಯನ್ ಹತ್ರ ಅಳೆಸಿ, 50 ಮಿಲಿಆಂಪಿಯರ್ ಒಳಗಿದ್ರೆ ಸರಿ. ಜಾಸ್ತಿ ಇದ್ದು ಟ್ರ್ಯಾಕರ್ ಫ್ಯೂಸ್ ತೆಗೆದ ತಕ್ಷಣ ಇಳಿದ್ರೆ ತಿನ್ನೋದು ಅದೇ. ಟ್ರ್ಯಾಕರ್ ವೈರಲ್ಲಿ ಬ್ಯಾಟರಿ ಹತ್ರ ಒಂದು ಫ್ಯೂಸ್ ಇರ್ಲೇಬೇಕು, ಇಲ್ಲದೆ ಹಾಕಿದ್ರೆ ಅದನ್ನ ಮೊದ್ಲು ಹಾಕ್ಸಿ.

ಹಳದಿ ಬೋರ್ಡ್ ಟ್ಯಾಕ್ಸಿಯವರು ಒಂದು ನೆನಪಿಡಿ. ನಿಮ್ಮದು ಎಐಎಸ್ 140 ಅನ್ನೋ ಸರ್ಕಾರಿ ಮಾನದಂಡದ ಟ್ರ್ಯಾಕರ್, ಪ್ಯಾನಿಕ್ ಬಟನ್ ಅದಕ್ಕೇ ಸೇರಿರುತ್ತೆ, ಒಳಗೆ ಕೂತ ಹೆಣ್ಣುಮಗಳು ಕಷ್ಟದಲ್ಲಿ ಒತ್ತೋ ಬಟನ್ ಅದು. ಬ್ಯಾಟರಿ ತಿನ್ನುತ್ತೆ ಅಂತ ವೈರ್ ಕತ್ತರಿಸಿ ಬಿಡ್ಬೇಡಿ, ನೀವೇ ಬಿಚ್ಚಲೂ ಬೇಡಿ, ಹಾಕಿದ ಡೀಲರಿಗೆ ದೂರು ಕೊಟ್ಟು ಅದರ ನಂಬರ್ ಇಟ್ಕೊಳ್ಳಿ.

ಅಂಗಡಿಗೆ ಹೋಗ್ಲೇಬೇಕಾದ್ರೆ

ಫ್ಯೂಸ್ ಪದೇ ಪದೇ ಹೋಗೋದು, ಸುಟ್ಟ ವಾಸನೆ, ಅಡಾಪ್ಟರ್ ಕೈ ಸುಡೋಷ್ಟು ಬಿಸಿ, ಬ್ಯಾಟರಿ ಊದಿರೋದು, ಮಳೆ ನೀರು ಒಳಗೆ ಹೋಗಿರೋದು, ಡ್ಯಾಶ್‌ಬೋರ್ಡ್ ಬಿಚ್ಚೋ ಕೆಲ್ಸ, ಇಷ್ಟಕ್ಕೆ ನೀವು ಕೈ ಹಾಕ್ಬೇಡಿ. ಹೋಗುವಾಗ ಸ್ಕ್ರೀನ್ ಹೇಗೆ ಕಾಣುತ್ತೆ ಅನ್ನೋ ವಿಡಿಯೋ, ಸ್ಯಾಟಲೈಟ್ ಕಂಬಗಳ ಫೋಟೋ, ಮನೆ ಚಾರ್ಜರಲ್ಲಿ ಆನ್ ಆಯ್ತೋ ಇಲ್ವೋ, ಬಯಲಲ್ಲಿ ಎಷ್ಟು ಹೊತ್ತು ಬಿಟ್ಟಿದ್ರಿ, ಇಷ್ಟು ಹೇಳಿ. ರಿಪೇರಿ ಮಾಡೋ ಮುಂಚೆ ಖರ್ಚು ಕೇಳಿ, ಯಾವ ಪಾರ್ಟ್ ಬದಲಾಯಿಸಿದ್ರೋ ಹಳೇದನ್ನ ವಾಪಸ್ ಇಸ್ಕೊಳ್ಳಿ, ಮತ್ತೆ ಕಾರನ್ನ ಅಂಗಡಿ ಶೀಟಿನ ಕೆಳಗೆ ಅಲ್ಲ, ರಸ್ತೆಗೆ ತಂದು ಸ್ಯಾಟಲೈಟ್ ಸಿಕ್ಕಿದ್ದು ಕಣ್ಣಾರೆ ನೋಡಿದ ಮೇಲೇ ದುಡ್ಡು ಕೊಡಿ.